ಕರೆಂಟ್ ಹೋಗುವವರೆಗೆ ಕೂತವರು

ಚಾಚಾ ಕೂತರೆ ಅವರ ಬಲ ಮೊಣಕಾಲು ಕುಣಿಯುತ್ತಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಪಕ್ಕದಲ್ಲಿ ಕೂತವರ ಕಪ್ಪಿನಿಂದಲೂ ಚಹಾ ತುಳುಕುತ್ತಿತ್ತು. ಬೇರೆಯವರು ಬೀಡಿ ಸಿಕ್ಕಿಸುವ ಕಿವಿಯ ಮೇಲೆ ಇವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು; ಮಾತಿನ ನಡುವೆ ಅದನ್ನು ತೆಗೆದು ಮೇಜಿಗೆ ಟಕಟಕ ಬಡಿದು ಮತ್ತೆ ಕಿವಿಗೇರಿಸುತ್ತಿದ್ದರು. ಇಂಥವರ ಬಗ್ಗೆ ಬೆಟಗೇರಿಯಲ್ಲಿ ಈಗ ಎಲ್ಲರೂ ಹೇಳುವ ಕಥೆ ಒಂದೇ. ಮಷಿನ್ ಮುಂದೆ ನಿಂತು ಒಮ್ಮೆ ಕಿವಿಗೊಟ್ಟರೆ ಸಾಕು, ಪ್ಯಾನೆಲ್ಲಿಗೆ ಏನೇನು ಬೇಕೆಂದು ಹೇಳಿಬಿಡುತ್ತಿದ್ದರಂತೆ. ಹಾಕಿದರೆ ಜರ್ಮನಿಯ ಸಾಮಾನೇ ಹಾಕುತ್ತಿದ್ದರಂತೆ. ಒಪ್ಪದ ಗಿರಾಕಿಯ ಮನೆಯಲ್ಲಿ ನೀರೂ ಮುಟ್ಟದೆ ಎದ್ದು ಬರುತ್ತಿದ್ದರಂತೆ.

ಮೂರೂ ಸುಳ್ಳು. ತೀರಿಹೋದವರನ್ನು ಹೊಗಳುವಾಗ ಸಾಕ್ಷಿ ಕೇಳಬಾರದು ಎಂಬ ಶಿಷ್ಟಾಚಾರ ನನಗೂ ಗೊತ್ತು. ಆದರೆ ಈ ಹೊಗಳಿಕೆಯಲ್ಲಿ ಚಾಚಾ ಇಲ್ಲ, ಬೇರೆ ಯಾರೋ ಇದ್ದಾರೆ. ಅದನ್ನು ಕೇಳಿಕೊಂಡು ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ಕಂಟ್ರೋಲ್ ಪ್ಯಾನೆಲ್ ಎಂದರೆ ಮಷಿನ್ ಪಕ್ಕ ನಿಲ್ಲುವ ಕಬ್ಬಿಣದ ಕಪಾಟು. ಯಾವ ಮೋಟಾರು ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಅದರೊಳಗಿನ ಸಾಮಾನು ತೀರ್ಮಾನಿಸುತ್ತದೆ. ಆ ಸಾಮಾನು ಯಾವುದಿರಬೇಕು ಎಂದು ತೀರ್ಮಾನಿಸುವುದು ಚಾಚಾನ ಕೆಲಸವಾಗಿತ್ತು. ನಾನು ಎಲೆಕ್ಟ್ರಾನಿಕ್ಸ್ ಓದಿ, ಅದಕ್ಕಿಂತ ಹೆಚ್ಚಾಗಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಾಯಿ ಸಾಣೆ ಹಿಡಿದುಕೊಂಡು, ಅವರ ಅಂಗಡಿಗೆ ಕೆಲಸ ಕೇಳಿಕೊಂಡು ಹೋದೆ. ಮೊದಲ ದಿನವೇ ಅವರು ಪ್ಯಾನೆಲ್ಲೊಂದರಲ್ಲಿ ಸಾಲಾಗಿ ಜೋಡಿಸಿದ್ದ, ಕರೆಂಟಿನಿಂದಲೇ ಕೂಡಿ ಬಿಡುವ ರಿಲೇ ಸ್ವಿಚ್ಚುಗಳನ್ನು ನೋಡಿ, ಇವಷ್ಟರ ಕೆಲಸವನ್ನು ಅಂಗೈಯಗಲದ, ಪ್ರೋಗ್ರಾಂ ತುಂಬಿದ ಒಂದು ಪಿಎಲ್‌ಸಿ ಮಾಡುತ್ತದಲ್ಲ ಎಂದೆ.

"ಪಿಎಲ್‌ಸಿ ಒಳಗ ಏನ ನಡದೈತಿ ಅಂತ ಕಣ್ಣಿಗೆ ಕಾಣತೈತೇನು?"

"ನಿಮ್ಮ ರಿಲೇ ಒಳಗ ಸುಟ್ಟದ್ದು ಕಾಣತೈತೇನ್ರಿ?"

ಟೆಸ್ಟರ್ ಮೇಜಿಗೆ ಬಡಿಯುವುದು ನಿಂತಿತು. "ನೀ ಎಂಜಿನಿಯರೋ, ವಕೀಲೋ?"

ಅಂದಿನಿಂದ ನಾನು ವಕೀಲಬಾಯಿ. ಅವರ ಅಂಗಡಿಯಲ್ಲಿ ವಾದಕ್ಕೆ ಒಂದು ಕಟ್ಟಳೆ ಇತ್ತು: ಗೆದ್ದವರು ಚಹಾ ಕುಡಿಸಬೇಕು. ಸೋತವರಿಗೆ ಮೊದಲೇ ಬಾಯಿ ಕಹಿಯಾಗಿರುತ್ತದೆ, ಮೇಲೆ ಖರ್ಚೂ ಅವರದೇ ಯಾಕೆ ಎಂಬುದು ಅವರ ನ್ಯಾಯ. ಶಿರಹಟ್ಟಿಯ ಖಾರದಪುಡಿ ಗಿರಣಿಯೊಂದಕ್ಕೆ ಹಟ ಹಿಡಿದು ರಿಲೇಗಳನ್ನೇ ಹಾಕಿದರು. ಖಾರದ ಧೂಳು ಒಂದೊಂದೇ ರಿಲೇಯ ಬಾಯಿ ಕಟ್ಟಿಸಿತು. ಮರಳಿ ಹೋಗಿ ಪಿಎಲ್‌ಸಿ ಕೂಡಿಸಿ ಬಂದ ಸಂಜೆ, "ಆತು, ನೀ ಗೆದ್ದಿ. ಸಕ್ರಿ ಜಾಸ್ತಿ ಹಾಕಾಕ ಹೇಳು," ಎಂದರು. ಸೋಲನ್ನು ನುಂಗಿದ್ದು ಇಷ್ಟೇ. ಮರುದಿನದಿಂದ ಆ ಪಿಎಲ್‌ಸಿ ಅವರದೇ ಯೋಚನೆಯಾಗಿತ್ತು; ಬಂದ ಗಿರಾಕಿಗಳಿಗೆಲ್ಲ ಹಾಗೇ ಹೇಳಿದರು, ನನ್ನೆದುರಿಗೇ, ಮೆಹಂದಿ ಹಚ್ಚಿದ ಗಡ್ಡ ನೀವಿಕೊಳ್ಳುತ್ತ.

ಇನ್ನು ಜರ್ಮನಿಯ ಮಾತು. ಗಾಳಿ ಊದುವ ಬ್ಲೋವರಿನ ಮೋಟಾರಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರು ಬೇಕಾದರೆ ಹುಬ್ಬಳ್ಳಿಯ ಪೇಟೆಯಲ್ಲಿ ಸಿಗುವ ಅಗ್ಗದ್ದನ್ನೇ ಹಾಕುತ್ತಿದ್ದರು. ಎಲ್ಲ ಕಡೆ ಒಳ್ಳೆಯದನ್ನೇ ಹಾಕಬೇಕಲ್ಲವೇ ಎಂದು ನಾನು ಕೇಳಿದ್ದೆ.

"ಎಲ್ಲಾ ಕಡೆ ಬಂಗಾರ ಇಡಾಕ ಇದೇನ ಮದವಿ ಮನಿ ಏನು? ಬ್ಲೋವರ್ ನಿಂತ್ರ ಧೂಳ ಕುಂಡ್ರತೈತಿ, ಅಷ್ಟ. ಏನ ಕೆಟ್ರ ಯಾರಿಗೆ ಪೆಟ್ಟು ಬೀಳತೈತಿ, ಅದನ್ನ ಮೊದಲ ಕೇಳು. ಆಮ್ಯಾಲೆ ಕಂಪನಿ ಹೆಸರ ಕೇಳು."

ಈ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಅದಕ್ಕೆ ಅವರು ಕಂಡುಕೊಂಡಿದ್ದ ದಾರಿ ಲಕ್ಷ್ಮೇಶ್ವರದ ಒಂದು ಶೇಂಗಾ ಮಿಲ್ಲಿನಲ್ಲಿ ನನಗೆ ಅರ್ಥವಾಯಿತು. ಶೇಂಗಾಕಾಯಿ ಒಡೆದು ಬೀಜ ಬೇರೆ ಮಾಡುವ ಮಿಲ್ಲು. ಹಳೆಯ ಪ್ಯಾನೆಲ್ ತೆಗೆದು ಹೊಸದು ಬೇಕೆಂದು ಅದರ ಮಾಲಕರು ಅಂಗಡಿಗೆ ಬಂದಿದ್ದರು. ಅವರ ಹೊಲದ ಬೋರಿಗೆ ಆಟೋ ಸ್ಟಾರ್ಟರ್ ಇತ್ತು. ನಮ್ಮ ಕಡೆ ಅದಿಲ್ಲದ ಹೊಲ ಕಡಿಮೆ. ಕರೆಂಟ್ ಯಾವ ಹೊತ್ತಿಗಾದರೂ ಬರಲಿ, ಬಂದ ಕೂಡಲೇ ಪಂಪು ತಾನಾಗಿ ಚಾಲೂ ಆಗುತ್ತದೆ.

"ಮಿಲ್ಲಿಗೂ ಅದ ಬೇಕ್ರಿ," ಎಂದರು. "ಕರೆಂಟ್ ಬಂತು, ಮಷಿನ್ ಹೊಂಟಿತು. ನಡಕ ಯಾರೂ ಬಂದು ಬಟನ್ ಒತ್ತೂದು ಬ್ಯಾಡ."

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಚಾಚಾ ಮಾತ್ರ, "ಬಂದು ನೋಡತೇನ್ರಿ," ಎಂದು ಕಳಿಸಿದರು.

ನಾವು ಮಿಲ್ಲಿಗೆ ಹೋದೆವು. ಮೋಟಾರುಗಳ ಮೇಲಿನ ತಗಡಿನ ಪಟ್ಟಿಗಳನ್ನು ಓದಿ ಬೇಕಾದ ವಿವರವನ್ನೆಲ್ಲ ನಾನು ಗುರುತು ಹಾಕಿಕೊಂಡೆ. ಚಹಾ ಬರುವಷ್ಟರಲ್ಲಿ ಮುಗಿಯಿತು. ನಾನು ಎದ್ದೆ.

"ಎಲ್ಲಿ ಹೊಂಟಿ?"

"ಕೆಲಸ ಮುಗೀತಲ್ರಿ, ಚಾಚಾ."

"ಕರೆಂಟ್ ಹೋಗೂತನಕ ಕುಂಡ್ರು."

"ಹೋಗದ ಇದ್ರ?"

"ಹೋಗತೈತಿ. ನೀ ಬಾಯಿ ಮುಚ್ಚೂದ್ರೊಳಗ ಹೋಗತೈತಿ, ಹಂಗಂದ್ರ ಇನ್ನೂ ಭಾಳ ಹೊತ್ತೈತಿ."

ಚೀಲಗಳ ಮೇಲೆ ಕೂತೆವು. ಅವರ ಮೊಣಕಾಲಿಗೆ ಚೀಲವೂ ಅಲುಗುತ್ತಿತ್ತು. ಸುಮ್ಮನೆ ಕೂರುವುದು ಅವರಿಗೆ ಎಷ್ಟು ಕಷ್ಟವೋ ನನಗೂ ಅಷ್ಟೇ ಕಷ್ಟ. ಒಮ್ಮೆ ಕಿವಿಗೊಟ್ಟು ಎಲ್ಲ ತಿಳಿದುಬಿಡುವ ಮನುಷ್ಯ ಹೀಗೆ ಮಧ್ಯಾಹ್ನದವರೆಗೆ ಚೀಲದ ಮೇಲೆ ಹೊಯ್ದಾಡುತ್ತ ಕೂರಬೇಕಾಗಿರಲಿಲ್ಲ, ಇದು ನನ್ನ ಸಾಕ್ಷ್ಯ.

ಕರೆಂಟ್ ಹೋಯಿತು. ಕಾಯಿ ಒಡೆಯುವ ಡ್ರಮ್ಮು ನಿಧಾನವಾಗಿ ತಿರುಗಿ ನಿಂತಿತು. ನಾನು ಅಂದುಕೊಂಡದ್ದು, ಕೆಲಸದ ಹೆಣ್ಣುಮಕ್ಕಳು ಈಗ ಎಲೆ ಅಡಿಕೆ ತೆಗೆದು ಕೂರುತ್ತಾರೆ ಎಂದು. ಆದದ್ದು ಬೇರೆ. ಅಲ್ಲಿಯವರೆಗೆ ಕೂತು ಕಾಳು ಆರಿಸುತ್ತಿದ್ದವರೆಲ್ಲ ಒಟ್ಟಿಗೆ ಎದ್ದರು. ಡ್ರಮ್ಮಿನ ಮುಚ್ಚಳ ಎತ್ತಿ, ಮೊಣಕೈತನಕ ಕೈ ಒಳಗೆ ಹಾಕಿ, ಸಿಕ್ಕಿಕೊಂಡ ಕಡ್ಡಿ, ಕಲ್ಲು, ಒಡೆಯದ ಕಾಯಿ ಎಲ್ಲವನ್ನೂ ಭರಭರನೆ ತೆಗೆಯತೊಡಗಿದರು. ಅವರಲ್ಲಿ ಹಿರಿಯಳನ್ನು ಉಳಿದವರು ಹಮ್ಮಿಗಿ ಅವ್ವ ಎನ್ನುತ್ತಿದ್ದರು, ಅವಳ ತವರು ಹಮ್ಮಿಗಿ. ಚಾಚಾ ಅವಳನ್ನೇ ಕೇಳಿದರು.

"ಯವ್ವಾ, ಈಗ ಯಾಕ ತಗೀತೀರಿ?"

"ಮತ್ಯಾವಾಗ ತಗೀಲೋ ಯಣ್ಣಾ? ನಡ್ಯೂ ಮಷಿನ್ ನಿಂದ್ರಸಾಕ ಸಾವಕಾರ ಬಿಡಂಗಿಲ್ಲ. ಕರೆಂಟ್ ಹೋದಾಗನ ನಮ್ಮ ಕಸ ತಗಿಯೂ ಹೊತ್ತು."

ಚಾಚಾನ ಮೊಣಕಾಲು ನಿಂತಿತ್ತು. ನಾನು ಅವರ ಮುಖ ನೋಡಲಿಲ್ಲ, ಆ ಕೈಗಳನ್ನೇ ನೋಡುತ್ತಿದ್ದೆ. ಹಳೆಯ ಪ್ಯಾನೆಲ್ಲಿನಲ್ಲಿ ಕರೆಂಟ್ ಬಂದರೂ ಯಾರಾದರೂ ಹೋಗಿ ಬಟನ್ ಒತ್ತಬೇಕಿತ್ತು. ಅಷ್ಟರಲ್ಲಿ ಕೈಗಳು ಹೊರಗೆ ಬರುತ್ತಿದ್ದವು. ಮಾಲಕರು ಕೇಳಿದ್ದನ್ನು ನಾವು ಮಾಡಿಕೊಟ್ಟರೆ ಕರೆಂಟ್ ಬಂದ ಗಳಿಗೆಯಲ್ಲೇ ಡ್ರಮ್ಮು ತಿರುಗುತ್ತದೆ.

ಮರಳುವ ಬಸ್ಸಿನಲ್ಲಿ ಅವರು ತಮ್ಮ ಉಪಾಯ ಹೇಳಿದರು. ಬ್ಲೋವರ್ ತಾನಾಗಿ ಚಾಲೂ ಆಗಲಿ, ಮಾಲಕರಿಗೂ ಸಮಾಧಾನ, ಅದರ ಸದ್ದು ಕೇಳಿ ಹೆಣ್ಣುಮಕ್ಕಳಿಗೂ ಎಚ್ಚರಿಕೆ. ಡ್ರಮ್ಮಿಗೆ ಮಾತ್ರ ಮನುಷ್ಯನೇ ಬಂದು ಬಟನ್ ಒತ್ತಬೇಕು.

ನಾನು ಒಪ್ಪಲಿಲ್ಲ. "ನಾಳೆ ಅವರ ವೈರ್‌ಮನ್ ಬಂದು ಒಂದ ತುಂಡು ವೈರ್ ಜೋಡಿಸಿದ್ರ? ನಿಮ್ಮ ಬಟನ್ ಬರೇ ಗೊಂಬಿ ಆತು. ನೀವು ಹಾಕಿದ್ದೇನು, ಬಟನ್ನೋ, ಸಮಾಧಾನವೋ?"

ಬಸ್ಸು ಶಿರಹಟ್ಟಿ ದಾಟಿದ ಮೇಲೆ ಅವರು ಟೆಸ್ಟರಿನಿಂದ ಮುಂದಿನ ಸೀಟಿನ ಕಂಬಿಗೆ ಒಮ್ಮೆ ಬಡಿದು, "ಹಂಗಾರ ಮೋಟಾರಿಗೆ ಹೋಗೂ ದಾರಿನ ಕಡೀಬೇಕು," ಎಂದರು. ಮುಂದಿನ ಸೀಟಿನವರು ಗಾಬರಿಯಾಗಿ ತಿರುಗಿದರು.

ಅವರು ಹೇಳಿದ್ದು ಕೀಲಿ ಹಾಕುವ ಐಸೊಲೇಟರ್ ಬಗ್ಗೆ. ಡ್ರಮ್ಮಿನ ಪಕ್ಕದಲ್ಲೇ ಒಂದು ತಿರುಗುವ ಹಿಡಿಕೆ. ಮೋಟಾರಿನ ಕರೆಂಟೆಲ್ಲ ಅದರ ಮೂಲಕವೇ ಹೋಗಬೇಕು. ಬಂದ್ ಮಾಡಿ, ಹಿಡಿಕೆಯ ತೂತಿಗೆ ಬೀಗ ಹಾಕಿದರೆ ಆಯಿತು. ಪ್ಯಾನೆಲ್ಲಿನೊಳಗೆ ಯಾರು ಏನು ಜೋಡಿಸಿದರೂ ಬೀಗ ತೆಗೆಯುವವರೆಗೆ ಡ್ರಮ್ಮು ಅಲುಗುವುದಿಲ್ಲ. ಇದನ್ನು ಆರಿಸಲು ಹುಬ್ಬಳ್ಳಿಗೆ ಹೋದೆವು. ಅಂಗಡಿಯವನು ಮೊದಲು ತೋರಿಸಿದ್ದರ ಹಿಡಿಕೆಯ ಕೆಳಗೆ ಚಾಚಾ ತಮ್ಮ ಟೆಸ್ಟರ್ ತೂರಿಸಿ ಮೀಟಿದರು. ಹಿಡಿಕೆ ಕಿತ್ತು ಬಂತು.

"ಏನ್ ಮಾಡಿದ್ರಿ ಚಾಚಾ!" ಎಂದು ಅಂಗಡಿಯವನು ಕೂಗಿದ.

"ನಾ ಇಲ್ಲಿ ಮಾಡಿದ್ನಿ. ಇಲ್ಲಾಂದ್ರ ಅಲ್ಲಿ ಮಿಲ್ಲಿನ್ಯಾಗ ಮಾಡ್ತಿದ್ರು. ಇನ್ನೊಂದ ತೋರ್ಸು."

ಕಿತ್ತು ಬರದ ಹಿಡಿಕೆ ಸಿಕ್ಕಿದ ಮೇಲೆ ಅದರ ಕಂಪನಿಯ ಹೆಸರು ನೋಡಿದರು. ಪರದೇಶದ್ದಾಗಿತ್ತು, ನಿಜ. ಇಡೀ ಪ್ಯಾನೆಲ್ಲಿಗೆ ಅದೊಂದೇ. ಜರ್ಮನಿಯ ಕಥೆ ಹುಟ್ಟಿದ್ದು ಬಹುಶಃ ಅಲ್ಲಿಂದಲೇ.

ಪ್ಯಾನೆಲ್ ಕೂಡಿಸಿದ ದಿನ ಮಾಲಕರು ಬೀಗ ನೋಡಿ ಇದೇನೆಂದು ಕೇಳಿದರು. ಚಾಚಾ ಹೇಳಿದರು: ಕರೆಂಟ್ ಹೋಯಿತೆಂದರೆ ಅವ್ವ ಹಿಡಿಕೆ ತಿರುವಿ ಬೀಗ ಹಾಕುತ್ತಾಳೆ, ಎಲ್ಲರ ಕೈ ಹೊರಗೆ ಬಂದಮೇಲೆ ಅವಳೇ ತೆಗೆಯುತ್ತಾಳೆ.

ಮಾಲಕರ ಮುಖ ಕೆಂಪಾಯಿತು. "ನನ್ನ ಮಿಲ್ಲಿನ ಕೀಲಿ ಹೆಣ್ಣಾಳಿನ ಕೈಯಾಗ? ಆಕಿ ತಗದ್ರ ಮಿಲ್ಲು ಹೊಂಡಬೇಕು, ಆಕಿ ತಗೀದಿದ್ರ ನಾ ಕುಂಡ್ರಬೇಕು? ಮಂದಿ ಏನಂದಾರು? ಬ್ಯಾಡ ತಗೀರಿ, ಹುಬ್ಬಳ್ಳ್ಯಾಗ ಮಾಡಸ್ತೇನಿ."

ಚಾಚಾ ನೀರೂ ಮುಟ್ಟದೆ ಎದ್ದು ಬಂದದ್ದು ಇಲ್ಲಿಯೇ ಎನ್ನುತ್ತಾರೆ. ನಾನು ಅಲ್ಲೇ ನಿಂತಿದ್ದೆ. ಅವರು ಚಹಾ ತರಿಸಿರೆಂದರು. ಕುಡಿದು, ಕೀಲಿಯನ್ನು ಮಾಲಕರ ಅಂಗೈಯಲ್ಲಿಟ್ಟು, "ಖರೆ ಐತ್ರಿ, ಮಿಲ್ಲು ನಿಮ್ಮದು. ಕೀಲಿ ನಿಮ್ಮ ಕಡೇನ ಇರಲಿ. ಕರೆಂಟ್ ಹೋದಾಗೊಮ್ಮೆ ಗಾದಿ ಬಿಟ್ಟು ಬಂದು ನೀವ ಹಾಕ್ರಿ, ನೀವ ತಗೀರಿ," ಎಂದರು. ಮಾಲಕರು ಹೆಮ್ಮೆಯಿಂದಲೇ ಕೀಲಿಯನ್ನು ಜೇಬಿಗಿಳಿಸಿದರು.

ಬಸ್ಸು ಹತ್ತಿದ ಮೇಲೆ ನಾನು ಸಿಡಿದೆ. ನೀವು ಸೋತು ಬಂದಿರಿ, ಎದ್ದು ಬರಬೇಕಿತ್ತು ಎಂದೆ.

"ಎದ್ದು ಬಂದ್ರ ನನ್ನ ಮಾತ ಉಳೀತೈತಿ. ಆಕಿ ಕೈ ಉಳೀತಾವೇನು?"

ಒಂದು ವಾರವೂ ಆಗಿರಲಿಲ್ಲ, ಫೋನ್ ಬಂತು. ದಿನಕ್ಕೆ ಹತ್ತು ಸಲ ಗಾದಿಯಿಂದೇಳುವುದು ಮಾಲಕರಿಗೆ ಸಾಕಾಗಿತ್ತು. ಕೀಲಿ ಹಮ್ಮಿಗಿ ಅವ್ವನ ಸೆರಗಿನ ತುದಿಗೆ ಹೋಗಿತ್ತು. ಚಾಚಾ ನನಗೆ ಚಹಾ ಕುಡಿಸಿದರು, ಅಂದರೆ ತಾವು ಗೆದ್ದೆವೆಂದು ಘೋಷಿಸಿಕೊಂಡರು. ನಾನು ಕಪ್ಪು ಮುಟ್ಟಲಿಲ್ಲ.

"ಇದನ್ನ ಗೆಲುವು ಅಂತೀರೇನ್ರಿ? ಅವರು ಕೀಲಿ ಕೊಟ್ಟದ್ದು ಆಕಿ ಕೈ ಉಳೀಲಿ ಅಂತ ಅಲ್ಲ, ತಮಗ ಏಳಾಕ ಬ್ಯಾಸರಾಗಿ. ಮನಸ್ಸೇನು ಬದಲಾತು?"

"ಮನಸ್ಸಿಗೆ ಪ್ಯಾನೆಲ್ ಮಾಡಾಕ ನನಗ ಬರಂಗಿಲ್ಲ ವಕೀಲಬಾಯಿ. ಚಹಾ ಆರತೈತಿ."

ಈ ವಾದ ಅಲ್ಲಿಗೆ ನಿಂತಿತು, ಮುಗಿಯಲಿಲ್ಲ. ಈಗಲೂ ನನ್ನ ತಲೆಯಲ್ಲಿ ಎರಡೂ ಕಡೆಯಿಂದ ನಾನೇ ಮಾತಾಡುತ್ತಿರುತ್ತೇನೆ. ಬೇಸರದಿಂದ ಕೊಟ್ಟದ್ದನ್ನು ಬೇಸರದಿಂದಲೇ ಕಿತ್ತುಕೊಳ್ಳಬಹುದಲ್ಲ ಎನ್ನುತ್ತದೆ ಒಂದು ಕಡೆ. ಅಷ್ಟರವರೆಗೆ ಉಳಿದ ಕೈಗಳು ಲೆಕ್ಕಕ್ಕಿಲ್ಲವೇ ಎನ್ನುತ್ತದೆ ಇನ್ನೊಂದು. ತೀರ್ಪುಗಾರರಿಲ್ಲ. ಇದರ ನಡುವೆ ನಾನು ಅವರಿಂದ ಪಡೆದದ್ದು ಒಂದಿದೆ: ಯಾವ ಗಿರಣಿಗೆ ಹೋದರೂ ಮೋಟಾರಿನ ಪಟ್ಟಿ ಓದಿ ಎದ್ದು ಬರಲಾಗುವುದಿಲ್ಲ. ಕೂರುತ್ತೇನೆ. ಬೆರಳು ಗಿಲ್ಲಿಕೊಳ್ಳುತ್ತ, ಗಡಿಯಾರ ನೋಡುತ್ತ, ಕರೆಂಟ್ ಹೋಗುವವರೆಗೆ.

ಈ ಮಳೆಗಾಲದಲ್ಲಿ ಚಾಚಾ ಹೋದರು. ಎದೆನೋವೆಂದು ಗದಗಿನ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದಾಗ ಎದೆಗೆ ಅಂಟಿಸಿದ್ದ ವೈರುಗಳನ್ನೇ ಗಮನಿಸುತ್ತಿದ್ದರು. "ಇದರ ಕ್ಲಿಪ್ ಸಡ್ಲ ಐತಿ. ನರ್ಸಬಾಯಿಗೆ ಹೇಳಿದ್ರ ನನಗ ಬೈದ್ಲು. ನೀನರ ವಾದ ಮಾಡು," ಎಂದರು. ಅವರು ನನಗೆ ಆಡಿದ ಕೊನೆಯ ಮಾತು ಅದೇ.

ಮಣ್ಣು ಕೊಟ್ಟ ಮೂರನೆಯ ದಿನ, ಜಿಯಾರತ್ತಿನ ಪ್ರಾರ್ಥನೆಗೆ, ಮನೆಯ ಮುಂದೆ ಪೆಂಡಾಲಿನ ಕೆಳಗೆ ಗಿರಾಕಿಗಳೆಲ್ಲ ಸೇರಿದ್ದರು. ಲಕ್ಷ್ಮೇಶ್ವರದ ಮಾಲಕರೂ ಬಂದಿದ್ದರು. ಎಲ್ಲರ ನಡುವೆ ಕೂತು ಹೇಳುತ್ತಿದ್ದರು: "ಜರ್ಮನ್ ಸಾಮಾನ ಬಿಟ್ರ ಮುಟ್ಟೂ ಮನುಷ್ಯಾ ಅಲ್ಲ ಬಿಡ್ರಿ. ಕಿವಿಗೊಟ್ಟು ನಿಂತ್ರ ಸಾಕು, ಮಷಿನ್ ತಾನ ಹೇಳತಿತ್ತು." ಅವರ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಾಗಿರಲಿಲ್ಲ, ಅದನ್ನೂ ಹೇಳಬೇಕು.

ನಾನು ಹತ್ತಿರ ಹೋಗಿ ಹಮ್ಮಿಗಿ ಅವ್ವ ಹೇಗಿದ್ದಾಳೆ ಎಂದು ಕೇಳಿದೆ.

"ಆಕಿ ಎಲ್ಲಿ ಬರ್ತಾಳವಾ ಈಗ? ಮುಂಡರಗಿಗೆ ಮಗಳ ಬಾಣಂತನಕ್ಕ ಹೋದಾಕಿ ಅಲ್ಲೇ ಉಳದ್ಲು. ಈಗ ಎಲ್ಲಾ ಹೊಸಾ ಹುಡುಗ್ಯಾರು. ಮಿಲ್ಲು ನಮ್ಮ ಮಗಾ ನೋಡ್ಕೊಂತಾನ, ನನಕಿಂತ ಚುರುಕದಾನ. ಕರೆಂಟ್ ಬಂದ್ರ ಒಂದ ನಿಮಿಷ ಸುಮ್ಮ ನಿಂದರಂಗಿಲ್ಲ ಮಷಿನ್."

ಸುತ್ತಲಿನವರು ಮೆಚ್ಚಿ ತಲೆಯಾಡಿಸಿದರು. ಯಾರೋ ಅವರ ಕೈಗೆ ಚಹಾದ ಕಪ್ಪು ಕೊಟ್ಟರು. ನಾನು ನಿಂತೇ ಇದ್ದೆ.

"ಮಾಲಕರ, ಆ ಕೀಲಿ ಈಗ ಯಾರ ಕಡೆ ಐತ್ರಿ?"