ಇನ್‌ಸ್ಪೆಕ್ಷನ್ ದಿನದ ರೋಗಿಗಳು

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಮೂರು ವರ್ಷ. ಉಳ್ಳಾಲದ ನಮ್ಮ ಮನೆಯ ಹಿಂಬದಿಯ ಕೋಣೆಗಳನ್ನು ಅಫ್ಘಾನಿಸ್ತಾನದ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದೆ. ಗಂಡ ಇಲ್ಲಿಗೆ ಕಾಲೇಜು ಓದಲು ಬಂದವನು. ಓದು ಮುಗಿಯುವುದರೊಳಗೆ ಅವರ ದೇಶದಲ್ಲಿ ಸರ್ಕಾರವೇ ಬಿದ್ದುಹೋಯಿತು. ಹಿಂದೆ ಹೋಗುವ ಹಾಗಿಲ್ಲ, ಇಲ್ಲಿ ಇರಲು ಕಾಗದ ಇಲ್ಲ. ನಿರಾಶ್ರಿತರೆಂದು ಹೆಸರು ಬರೆಸಲು ದೆಹಲಿಗೆ ಹೋದವನು ಯಾವುದೋ ಕಚೇರಿಯ ಬಾಗಿಲಲ್ಲಿ ನಿಂತೇ ಇದ್ದ. ಹೆಂಡತಿ ನನ್ನ ತಲೆಗೆ ಬಿದ್ದಳು.

ಅವಳಿಗೆ ನಿದ್ರೆ ಇರಲಿಲ್ಲ. ಯಾರದ್ದಾದರೂ ಮದುವೆಯ ಪಟಾಕಿ ಸದ್ದು ಕೇಳಿದರೆ ಬಚ್ಚಲಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಾನು ಕೊಟ್ಟ ಅನ್ನ ಕೊಟ್ಟ ತಟ್ಟೆಯಲ್ಲೇ ಒಣಗುತ್ತಿತ್ತು. ಒಂದು ಮಧ್ಯಾಹ್ನ ಬಟ್ಟೆ ಒಣಗಿಸುತ್ತಾ, "ಖಾಲಾ, ನಿಮ್ಮ ಬಾವಿ ಎಷ್ಟು ಆಳ?" ಎಂದು ಕೇಳಿದಳು. ಖಾಲಾ ಎಂದರೆ ಚಿಕ್ಕಮ್ಮ. ನಾವು ಮಾತಾಡುತ್ತಿದ್ದುದು ಹಿಂದಿಯಲ್ಲಿ. ಅವಳದು ಸಿನಿಮಾ ನೋಡಿ ಕಲಿತದ್ದು, ನನ್ನದು ಗಲ್ಫಿನಲ್ಲಿ ಅರಬಿಯ ಮನೆಯ ಪಾತ್ರೆ ತೊಳೆಯುತ್ತಾ ಕಲಿತದ್ದು. ಎರಡೂ ಸೇರಿದರೆ ಅರ್ಧ ಹಿಂದಿ ಆಗುತ್ತಿತ್ತು. ಹೆಂಗಸೊಬ್ಬಳು ಬಾವಿಯ ಆಳ ಯಾಕೆ ಕೇಳುತ್ತಾಳೆಂದು ತಿಳಿಯಲು ಅಷ್ಟು ಸಾಕು.

"ಅದು ನಾವು ಕುಡಿಯುವ ನೀರು" ಎಂದೆ. ವೆಲ್ಡಿಂಗಿನವನನ್ನು ಕರೆಸಿ ಬಾವಿಗೆ ಕಬ್ಬಿಣದ ಬಲೆ ಹಾಕಿಸಿದೆ. ಆದರೆ ಬಾವಿ ಮುಚ್ಚಿದರೆ ನಿದ್ರೆ ಬರುವುದಿಲ್ಲ. ಉಳ್ಳಾಲದಲ್ಲಿ ಬಾವಿ ಇಲ್ಲದಿದ್ದರೆ ಸಮುದ್ರ ಉಂಟು, ಅದಕ್ಕೆ ಬಲೆ ಹಾಕಿಸಲು ನನ್ನಿಂದ ಆಗುವುದಿಲ್ಲ.

ಪೇಟೆಯ ಒಂದು ಸಭಾಭವನದಲ್ಲಿ ನಿರಾಶ್ರಿತ ಹೆಂಗಸರ ಮನಸ್ಸಿನ ಆರೋಗ್ಯದ ಬಗ್ಗೆ ಸಭೆ ಇದೆ ಎಂದು ಗೊತ್ತಾಯಿತು. ಕರೆದುಕೊಂಡು ಹೋದೆ. ಅಷ್ಟು ದೊಡ್ಡ ಸಭಾಭವನದಲ್ಲಿ ನಿರಾಶ್ರಿತ ಹೆಂಗಸು ಇವಳೊಬ್ಬಳೇ. ಉಳಿದವರೆಲ್ಲ ಅವರ ಮೇಲೆ ಮರುಕ ಇರುವವರು. ಮನಸ್ಸು ಬಿಚ್ಚಿ ಮಾತಾಡಬೇಕು ಎಂದು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದರಂತೆ, ಪಕ್ಕದಲ್ಲಿ ಕುಳಿತವರು ನನಗೆ ಬಿಡಿಸಿ ಹೇಳಿದರು. ಇವಳ ಕೈಗೆ ಮಾತ್ರ ಯಾರೂ ಮೈಕು ಕೊಡಲಿಲ್ಲ. ಫೋಟೋದಲ್ಲಿ ನಡುವೆ ನಿಲ್ಲಿಸಿದರು. ಬಿರಿಯಾನಿ ಒಳ್ಳೆಯದಿತ್ತು, ಸುಳ್ಳು ಹೇಳಬಾರದು.

ಅಲ್ಲಿಂದ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ. ಕೌಂಟರಿನವನು ಆಧಾರ್ ಕೇಳಿದ. ಇಲ್ಲ. ಪರದೇಶದವರಿಗೆ ಬೇರೆ ಕೌಂಟರ್ ಎಂದ. ಅಲ್ಲಿ ಹೋದರೆ ವೀಸಾ ಮುಗಿದಿದೆ ಎಂದರು. ಮನಸ್ಸಿನ ಕಾಯಿಲೆಯಾದ್ದರಿಂದ ರಕ್ತಸಂಬಂಧಿಕರೇ ಬರಬೇಕು ಎಂದೂ ಹೇಳಿದರು.

"ಅವರು ಬರುವ ಹಾಗಿದ್ರೆ ಇವಳಿಗೆ ಈ ಕಾಯಿಲೆ ಬರ್ತಿತ್ತಾ ಮಾರಾಯ?" ಎಂದು ಕೇಳಿದೆ.

"ಅಜ್ಜಿ, ರೂಲ್ಸ್ ನಾನು ಮಾಡಿದ್ದಲ್ಲ. ನೆಕ್ಸ್ಟ್" ಎಂದ.

ಅದಾಗಿ ಸ್ವಲ್ಪ ದಿನದಲ್ಲೇ ಅದೇ ಕಾಲೇಜಿಗೆ ಇನ್‌ಸ್ಪೆಕ್ಷನ್ ಬಂತು. ಇದನ್ನು ಸ್ವಲ್ಪ ಹೇಳಬೇಕು. ಮೇಲಿನವರು ಪರೀಕ್ಷೆಗೆ ಬರುವ ದಿನ ಆಸ್ಪತ್ರೆಯ ಹಾಸಿಗೆಗಳು ತುಂಬಿರಬೇಕು, ಇಲ್ಲದಿದ್ದರೆ ಕಾಲೇಜಿನ ಸೀಟು ಕಡಿಮೆಯಾಗುತ್ತದೆ. ರೋಗಿಗಳು ಅಷ್ಟೊಂದು ಸಿಗುವುದಿಲ್ಲ. ಆದ್ದರಿಂದ ಅವರ ಬಸ್ಸು ನಮ್ಮ ಕಡೆ ಬರುತ್ತದೆ. ಗಟ್ಟಿಮುಟ್ಟಾದ ಹೆಂಗಸರು ಬೀಡಿ ಕಟ್ಟುವ ಮೊರ ಬದಿಗಿಟ್ಟು ಬಸ್ಸು ಹತ್ತಿ, ಸಂಜೆಯವರೆಗೆ ರೋಗಿಗಳಾಗಿ, ಊಟ ಮಾಡಿ ಮನೆಗೆ ಬರುತ್ತಾರೆ. ಜನ ಹತ್ತಿಸಲು ಬರುವವಳು ಆಸ್ಪತ್ರೆಯ ಫ್ರೀ ಕ್ಯಾಂಪಿಗೂ ಜನ ಸೇರಿಸುವವಳು, ಅವಳನ್ನು ನಾವು ಕ್ಯಾಂಪಿನ ಅಕ್ಕ ಎನ್ನುತ್ತೇವೆ.

ಆ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಜಗಳ. ಎಲ್ಲರಿಗೂ ಎಲುಬಿನ ವಾರ್ಡೇ ಬೇಕು.

"ಎಲುಬು ಫುಲ್ ಆಯ್ತು ಮಾರಾಯ್ರೆ. ಮೆಂಟಲ್ ವಾರ್ಡಿಗೆ ಜನ ಬೇಕು, ಯಾರಾದ್ರೂ ಬನ್ನಿ" ಎಂದು ಕ್ಯಾಂಪಿನ ಅಕ್ಕ ಬೇಡಿಕೊಳ್ಳುತ್ತಿದ್ದಳು.

"ಎಂತ ಮಾತಾಡುದು ನೀವು?" ಪಕ್ಕದ ಮನೆಯವಳು ಹಾರಿಬಿದ್ದಳು. "ನನ್ನ ಮಗಳಿಗೆ ಗಂಡು ನೋಡ್ತಾ ಇದ್ದೇವೆ. ತಾಯಿ ಅಲ್ಲಿ ಮಲಗಿದ್ಲು ಅಂತ ಗೊತ್ತಾದ್ರೆ ಯಾರು ಬರ್ತಾರೆ? ಬೇಕಾದ್ರೆ ನನ್ನ ಎರಡೂ ಕಾಲಿಗೆ ಬ್ಯಾಂಡೇಜ್ ಸುತ್ತಿ."

"ನಾನು ಬರ್ತೇನೆ. ನನಗೆ ಇನ್ನು ಗಂಡು ನೋಡ್ಲಿಕ್ಕಿಲ್ಲ" ಎಂದೆ. "ಇನ್ನೊಬ್ಬಳನ್ನೂ ಕರ್ಕೊಂಡು ಬರ್ತೇನೆ. ಆದ್ರೆ ಅವಳಿಗೆ ಆಧಾರ್ ಇಲ್ಲ."

"ಆಧಾರ್ ಎಂತಕ್ಕೆ ಉಮ್ಮ? ಇವತ್ತು ಜನ ಇದ್ರೆ ಸಾಕು."

ಹಾಗೆ ಆಧಾರ್ ಇಲ್ಲದವಳು ಆಸ್ಪತ್ರೆ ಸೇರಿದಳು. ಬಸ್ಸು ಪಂಪ್‌ವೆಲ್ ಸರ್ಕಲಿನ ಟ್ರಾಫಿಕ್ ಬ್ಲಾಕಿನಲ್ಲಿ ನಿಂತಾಗಲೂ ಎಲ್ಲಿಗೆ ಹೋಗುತ್ತಿದ್ದೇವೆಂದು ಅವಳು ಕೇಳಲಿಲ್ಲ. ಮೆಂಟಲ್ ವಾರ್ಡಿಗೆ ಅಂತೂ ಇಂತೂ ನನ್ನಂಥ ಕೆಲವು ವಿಧವೆ ಮುದುಕಿಯರು ಸಿಕ್ಕಿದ್ದರು. ಇಸ್ತ್ರಿ ಮಾಡಿದ ಬೆಡ್‌ಶೀಟಿನ ಮೇಲೆ ನಮ್ಮನ್ನು ಮಲಗಿಸಿ ಕ್ಯಾಂಪಿನ ಅಕ್ಕ ಪಾಠ ಹೇಳಿಕೊಟ್ಟಳು: "ಡಾಕ್ಟ್ರು ಕೇಳಿದ್ರೆ ನಿದ್ರೆ ಇಲ್ಲ, ಎದೆ ಹೊಡ್ಕೊಳ್ತದೆ, ಸದ್ದಾದ್ರೆ ಹೆದರಿಕೆ, ಸಾಯುವ ಅಂತ ಕಾಣ್ತದೆ ಅಂತ ಹೇಳಿ." ನಾನು ಅದನ್ನು ಹಿಂದಿ ಮಾಡಿ ಅವಳಿಗೆ ಹೇಳಿದೆ. ಅವಳು ಗಾಬರಿಯಿಂದ ಎದ್ದು ಕುಳಿತಳು.

"ಖಾಲಾ, ಇವರಿಗೆ ನನ್ನ ವಿಷಯ ಯಾರು ಹೇಳಿದ್ದು?"

ಇನ್‌ಸ್ಪೆಕ್ಷನ್ನಿಗೆ ಬಂದವರು ಉತ್ತರದ ಕಡೆಯ ಬಿಳಿಗೂದಲಿನ ಡಾಕ್ಟರು, ಮನಸ್ಸಿನ ಕಾಯಿಲೆ ನೋಡುವವರೇ. ಮೊದಲ ಹಾಸಿಗೆಯ ಮುದುಕಿಯನ್ನು ಹೇಗಿದ್ದೀರಿ ಎಂದು ಕೇಳಿದರು. ನಮ್ಮ ಬ್ಯಾರಿಗಳಲ್ಲಿ ಆ ಪ್ರಶ್ನೆಗೆ ಹುಟ್ಟಿದಂದಿನಿಂದ ಒಂದೇ ಉತ್ತರ. ಮಯ್ಯತ್ತಿನ ಮನೆಯಲ್ಲಿ ಹೆಣ ಎದುರಿಗಿದ್ದರೂ ಅದೇ ಉತ್ತರ. "ಅಲ್‌ಹಮ್ದುಲಿಲ್ಲಾ, ಸುಖ" ಎಂದಳು. ಎರಡನೆಯವಳೂ ಸುಖ. ನಾನೂ ಬಾಯಿ ತಪ್ಪಿ ಸುಖ ಎಂದುಬಿಟ್ಟೆ. ಇಡೀ ವಾರ್ಡು ಹುಚ್ಚರು, ಎಲ್ಲರೂ ಸುಖ. ಕ್ಯಾಂಪಿನ ಅಕ್ಕನ ಮುಖ ನೋಡಿದರೆ ನಿಜವಾದ ರೋಗಿ ಅವಳೇ ಅನ್ನಿಸುತ್ತಿತ್ತು.

ಡಾಕ್ಟರು ಇವಳ ಹತ್ತಿರ ಬಂದರು. ಇವಳೂ ನಮ್ಮವಳೇ ಅಲ್ಲವೇ? "ದೇವರ ದಯೆ, ಚೆನ್ನಾಗಿದ್ದೇನೆ" ಎಂದು ಹಿಂದಿಯಲ್ಲಿ ಹೇಳಿ ತಲೆ ತಗ್ಗಿಸಿದಳು. ಅವರು ಬಾಗಿಲ ಕಡೆ ತಿರುಗಿದರು. ನನಗೆ ಪಿತ್ತ ನೆತ್ತಿಗೇರಿತು. ಇಷ್ಟು ಮಾಡಿ ಕರೆತಂದದ್ದು ಇವಳು ಇಲ್ಲಿ ಮರ್ಯಾದೆ ತೋರಿಸಲಿ ಎಂದಲ್ಲ.

"ಸಾಬ್, ಇವಳು ಹೇಳಿದ್ದು ಸುಳ್ಳು" ಎಂದೆ ನನ್ನ ಪಾತ್ರೆ ತೊಳೆಯುವ ಹಿಂದಿಯಲ್ಲಿ. "ನಾವೆಲ್ಲ ಊಟಕ್ಕೆ ಬಂದವರು. ರೋಗಿ ಇವಳೊಬ್ಬಳೇ. ಹೋದ ತಿಂಗಳು ನನ್ನ ಬಾವಿಯ ಆಳ ಕೇಳಿದ್ದಾಳೆ."

ಕ್ಯಾಂಪಿನ ಅಕ್ಕನಿಗೆ ಕೆಮ್ಮು ಬಂತು. ಜೊತೆಗಿದ್ದ ಕಾಲೇಜಿನ ಬಿಳಿ ಕೋಟಿನವರೆಲ್ಲ ಗೋಡೆ ನೋಡಿದರು. ಬಿಳಿಗೂದಲಿನವರು ಮಾತ್ರ ಸ್ಟೂಲು ಎಳೆದು ಕುಳಿತು, ಬಾವಿ ಯಾಕೆ ಎಂದು ಅವಳನ್ನೇ ಕೇಳಿದರು. ಅವಳು ಬಾಯಿ ಬಿಟ್ಟಳು. ಊರಲ್ಲೇ ಉಳಿದ ತಂಗಿ ಫೋನಿನಲ್ಲಿ ಮಾತಾಡುತ್ತಾ ಅರ್ಧದಲ್ಲಿ ನಿಂತದ್ದು, ಆಮೇಲೆ ಆ ನಂಬರು ಸಿಗದೇ ಹೋದದ್ದು, ಕಣ್ಣು ಮುಚ್ಚಿದರೆ ಆ ಫೋನು ಬಡಿದುಕೊಳ್ಳುವುದು. ವರ್ಷದಿಂದ ನನ್ನ ಮನೆಯ ಹಿಂದೆ ಇದ್ದವಳು ನನಗೆ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ ಅನ್ನಿ. ಡಾಕ್ಟರು ಅಲ್ಲಿನ ಹುಡುಗಿ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಗಡುಸಾಗಿ ಏನೋ ಹೇಳಿ, ಬರೆದು, ಹೋದರು. ಕಾಲೇಜಿಗೆ ಅದರಿಂದ ಎಂತ ಆಯಿತೋ ತಿಳಿಯದು. ಈಗಲೂ ಚೆನ್ನಾಗಿ ನಡೆಯುತ್ತಿದೆ, ಹೊಸ ಕಟ್ಟಡ ಏಳುತ್ತಿದೆ.

ಸಂಜೆ ಬಸ್ಸಿನ ಹಾರ್ನ್ ಆಯಿತು. ಮುದುಕಿಯರೆಲ್ಲ ಗುಣವಾಗಿ ಎದ್ದರು. ಇವಳು ಏಳಲಿಲ್ಲ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

"ಏಳಿಸಿ ಉಮ್ಮ, ಬಸ್ಸು ಹೋಗ್ತದೆ" ಎಂದಳು ಕ್ಯಾಂಪಿನ ಅಕ್ಕ.

"ಮಾತ್ರೆ ಕೊಟ್ಟಿದ್ದಾರೆ."

"ಅಲ್ಲಾ, ನಿಜವಾದ ಮಾತ್ರೆಯಾ?"

ಹುಡುಗಿ ಡಾಕ್ಟರು ನಡುವೆ ಬಂದಳು. "ಇವರನ್ನು ಕಳಿಸ್ಲಿಕ್ಕೆ ಆಗುದಿಲ್ಲ. ಅವರು ಬರೆದು ಹೋಗಿದ್ದಾರೆ. ನಾಳೆ ಬಂದು ಈ ಪೇಷಂಟ್ ಎಲ್ಲಿ ಅಂತ ಕೇಳಿದ್ರೆ?"

"ಇನ್‌ಸ್ಪೆಕ್ಷನ್ ಮುಗೀತಲ್ಲ ಮೇಡಂ?" ಎಂದಳು ಕ್ಯಾಂಪಿನ ಅಕ್ಕ.

"ಮುಗಿದಿದೆಯಾ ಇಲ್ವಾ ನನಗೂ ಯಾರೂ ಹೇಳ್ಲಿಲ್ಲ. ಜೊತೆಗೆ ಯಾರು ನಿಲ್ಲುದು?"

"ನಾನು" ಎಂದೆ.

"ನಿಮಗೆ ಇವರು ಎಂತ ಆಗ್ಬೇಕು?"

"ಬಾಡಿಗೆಯವಳು."

ಅವಳು ನನ್ನ ಮುಖ ನೋಡಿದಳು, ಮಲಗಿದವಳನ್ನು ನೋಡಿದಳು, ರಕ್ತಸಂಬಂಧದ ಮಾತು ಮಾತ್ರ ಎತ್ತಲಿಲ್ಲ. ಬಸ್ಸು ನಮ್ಮನ್ನು ಬಿಟ್ಟು ಹೋಯಿತು.

ಮರುದಿನ ಬೆಳಿಗ್ಗೆ ಆಯಾ ಬಂದು ಒಂದೊಂದೇ ಹಾಸಿಗೆ ಸುತ್ತತೊಡಗಿದಳು. ಇಸ್ತ್ರಿಯ ಬೆಡ್‌ಶೀಟುಗಳೆಲ್ಲ ಮುಂದಿನ ಇನ್‌ಸ್ಪೆಕ್ಷನ್ನಿಗೆ ಕಪಾಟು ಸೇರುತ್ತಿದ್ದವು. ಇವಳ ಮಂಚದ ಹತ್ತಿರ ಬಂದಾಗ, "ಬಿಳಿಗೂದಲಿನ ಡಾಕ್ಟ್ರು ಇವತ್ತೂ ಬರ್ತಾರಂತೆ, ನಿನಗೆ ಯಾರೂ ಹೇಳ್ಲಿಲ್ವಾ?" ಎಂದೆ. ಹಾಗೆಂದು ನನಗೂ ಯಾರೂ ಹೇಳಿರಲಿಲ್ಲ. ಆಯಾ ಕೈ ತೆಗೆದು, ಸುತ್ತಿದ್ದ ಆಚೆಯ ಎರಡು ಹಾಸಿಗೆಗಳನ್ನೂ ಮತ್ತೆ ಬಿಡಿಸಿ ಹಾಸಿದಳು. ನಾನು ಕ್ಯಾಂಟೀನಿಗೆ ಹೋಗಿ ಇಬ್ಬರಿಗೂ ಚಹಾ, ಬನ್ಸ್ ತಂದೆ. ಅವಳಿಗೆ ಇನ್ನೂ ಎಚ್ಚರ ಆಗಿರಲಿಲ್ಲ. ಎರಡೂ ಚಹಾವನ್ನು ನಾನೇ ಕುಡಿದೆ.