ಒಂದೇ ಪಾತ್ರೆ, ಎಲ್ಲರ ತುಟಿ

ಈ ವಾರ ಚರ್ಚಿನ ಕರ್ತನ ಭೋಜನಕ್ಕೆ, ಯೇಸುವಿನ ನೆನಪಿಗೆ ಹಂಚುವ ರೊಟ್ಟಿ ದ್ರಾಕ್ಷಾರಸಗಳನ್ನು, ಸಿದ್ಧ ಮಾಡುವ ಸರದಿ ನನ್ನದು. ದ್ರಾಕ್ಷಾರಸದ ಬಾಟಲಿ ತೆರೆದೆ ನೋಡಿ, ಆ ಸಿಹಿ ಹುಳಿ ವಾಸನೆಯ ಜೊತೆಗೇ ಸುಗುಣಾ ಆಂಟಿ ಅಡುಗೆಮನೆಗೆ ಬಂದು ನಿಂತಂತಾಯಿತು.

ಆಗ ಮೈಸೂರಿನಿಂದ ಅಮೆರಿಕದ ಹ್ಯೂಸ್ಟನ್ನಿನ ಪಕ್ಕದ ಈ ಸೈಪ್ರೆಸ್‌ಗೆ ನಾವು ಶಿಫ್ಟ್ ಆದ ಹೊಸತು. ಇಲ್ಲಿನ ಕನ್ನಡ ಕ್ರೈಸ್ತ ಸಭೆ ಎಂದರೆ ಒಂಬತ್ತು ಮನೆಯವರು, ಬಾಡಿಗೆಯ ಒಂದು ಹಾಲ್. ಇಷ್ಟು ದೂರದಲ್ಲೂ ಕನ್ನಡದಲ್ಲಿ ಪ್ರಾರ್ಥನೆ ಸಿಕ್ಕಿತಲ್ಲ ಎಂದು ಸ್ತೋತ್ರ ಹೇಳಿಕೊಂಡೆ. ಆದರೆ ದ್ರಾಕ್ಷಾರಸಕ್ಕೆ ಊರಿನ ನಮ್ಮ ಸಭೆಯಂತೆ ತಲೆಗೊಂದು ಪುಟ್ಟ ಲೋಟವಿಲ್ಲ, ಇಲ್ಲಿ ಎಲ್ಲರಿಗೂ ಒಂದೇ ಪಾತ್ರೆ. ಗದಗಿನ ಸುಗುಣಾ ಆಂಟಿಗೆ ಎಂಬತ್ತು ದಾಟಿತ್ತು, ಹಲ್ಲಿರಲಿಲ್ಲ, ಸೊರ್ರೆಂದು ಹೀರುತ್ತಿದ್ದರು. ನಾನು ಭಕ್ತಿಯ ಮುಖ ಹೊತ್ತು ಪ್ರತಿ ಸಲ ಅವರಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದೆ. ಮೂರು ತಲೆಮಾರಿನ ಕ್ರೈಸ್ತಳು ನಾನು. ಎಂಜಲು ಮಾತ್ರ ನನ್ನ ಜೊತೆ ವಿಮಾನ ಹತ್ತಿ ಬಂದಿತ್ತು.

ಒಂದು ಭಾನುವಾರ ಮಕ್ಕಳಿಗೆ ಹಳೆಯ ಸುಧಾರಕರ ಪಾಠ ಮಾಡಿದೆ. ಶತಮಾನಗಳ ಹಿಂದೆ ಯುರೋಪಿನಲ್ಲಿ ಜನರಿಗೆ ರೊಟ್ಟಿ ಮಾತ್ರ, ಪಾತ್ರೆ ಪಾದ್ರಿಗಳಿಗೆ. ಎಲ್ಲರಿಗೂ ಕೊಡಿ ಎಂದವರು ಸೆರೆ ಕಂಡರು, ಬೆಂಕಿ ಕಂಡರು, ಬಾವುಟದ ಮೇಲೂ ಪಾತ್ರೆಯನ್ನೇ ಬರೆದುಕೊಂಡರು. ಒಂದು ಗುಟುಕಿಗಾಗಿ ಇಷ್ಟೆಲ್ಲವೇ ಎಂದು ನನ್ನ ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

ಹಿಂದೆ ಕೂತಿದ್ದ ಆಂಟಿ ತಮ್ಮ ಅಜ್ಜಿಯ ಕಥೆ ತೆಗೆದರು. ಆಕೆ ಸಭೆಗೆ ಸೇರಿದ ಮೊದಲ ದಿನ, ಚಪ್ಪಲಿ ಹೊಲಿಯುವ ಮನೆಯ ಹೆಂಗಸು ಕುಡಿದು ಪಾತ್ರೆ ದಾಟಿಸಿದಳಂತೆ. ಅಜ್ಜಿ ಪಾತ್ರೆ ಹಿಡಿದು ಅದರ ಅಂಚನ್ನೇ ನೋಡಿದರು, ಆಮೇಲೆ ಕುಡಿದರು. ಮನೆಯವರು ಒಲೆಯ ಹತ್ತಿರ ಬಿಡಲಿಲ್ಲ. ಮೂರು ತಿಂಗಳು ಜಗಲಿಯಲ್ಲೇ ಊಟ.

"ಅವರು ಪಾತ್ರೆ ಕೊಡ್ರಿ ಅಂತ ಬೆಂಕಿಗೆ ಬಿದ್ರು," ಎಂದರು ಆಂಟಿ. "ನಮಗ ಕೈಗೇ ಬಂದಿತ್ತು. ತುಟಿಗೆ ಒಯ್ಯೂದೇ ದೊಡ್ಡ ಯುದ್ಧ ಆತು."

ಮಕ್ಕಳು ಎದ್ದು ಹೋದ ಮೇಲೆ ನನ್ನ ಕಡೆ ತಿರುಗಿದರು. "ಯವ್ವಾ, ನೀ ಯಾಕ ನನ್ನ ಮುಂದ ಓಡ್ತೀ ಅಂತ ನನಗ ಗೊತ್ತದ. ನಿಂದೂ ಯುದ್ಧನ. ಅವಸರ ಇಲ್ಲ ಬಿಡು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಂದೇ ಅವರ ಹಿಂದೆ ನಿಂತೆ. ಅವರು ಹೀರಿ ಕೊಟ್ಟ ಪಾತ್ರೆಯ ಅಂಚು ಇನ್ನೂ ಬೆಚ್ಚಗಿತ್ತು. ಕಣ್ಣು ಮುಚ್ಚಿ ಕುಡಿದೆ. ಏನೂ ಆಗಲಿಲ್ಲ, ಎಲ್ಲವೂ ಆಯಿತು. ಎಷ್ಟು ಜನ ಎಷ್ಟು ಕಾಲ ಹೋರಾಡಿ ದಾಟಿಸಿದ ಗುಟುಕು ಅದು ಎಂದು ಮೈ ಜುಮ್ಮೆಂದಿತು.

ಆಂಟಿ ಕರ್ತನ ಬಳಿ ಸೇರಿ ಎರಡು ವರ್ಷ. ನಾನೀಗ ಎಲ್ಲರಿಗಿಂತ ಕೊನೆಯಲ್ಲಿ ನಿಲ್ಲುತ್ತೇನೆ. ತಳದಲ್ಲಿ ಉಳಿದದ್ದನ್ನು ಕೊನೆಯವರೇ ಮುಗಿಸಬೇಕು. ಹಾಗಾಗಿ ಒಂದು ಗುಟುಕು ಹೆಚ್ಚೇ ಸಿಗುತ್ತದೆ.