ಉಜ್ವಲಾ ಮ್ಯಾಡಮ್ಮರ ಮೈದಾನದ ತರಗತಿ

ಕೊಲ್ಹಾಪುರದ ಕಡೆಯ ಕೊರೋಚಿಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮನೆಗೆ ಹತ್ತಿಕೊಂಡೇ ಮಗ್ಗದ ಶೆಡ್ಡು. ಬೆಳಗಾದರೆ ಖಟಖಟ ಸುರುವಾಗುತ್ತದೆ, ಊಟಕ್ಕೆ ಕೂತವರು ಉಪ್ಪು ಬೇಕೆಂದರೂ ಕೂಗಿಯೇ ಕೇಳಬೇಕು. ಉಜ್ವಲಾ ಬೆಳೆದದ್ದು ಆ ಸದ್ದಿನಲ್ಲಿ. ತಂದೆ ಯಮನಪ್ಪ ರಾಯಬಾಗದ ಕಡೆಯಿಂದ ದುಡಿಯಲು ಬಂದು ಅಲ್ಲೇ ನಿಂತವನು. ತಾಯಿ ಯಮುನವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಇಂಗ್ಲಿಷ್ ಎಂಬುದು ಪುಸ್ತಕದೊಳಗೆ ಮಾತ್ರ ಇತ್ತು. ಅದನ್ನು ಬಾಯಿಬಿಟ್ಟು ಆಡುವ ಒಬ್ಬರನ್ನೂ ಅವಳು ಹುಡುಗಿಯಾಗಿದ್ದಾಗ ಕಂಡಿರಲಿಲ್ಲ.

ಆದರೂ ಅವಳು ಇಂಗ್ಲಿಷನ್ನೇ ಆರಿಸಿಕೊಂಡು ಕೊಲ್ಹಾಪುರಕ್ಕೆ ಓದಲು ಹೋದಳು. ಮೊದಲ ವರ್ಷ ತರಗತಿಯ ಎದುರು ನಿಂತು ಮಾತಾಡುವ ಸರದಿ ಬಂತು. ಎರಡು ವಾಕ್ಯ ಆಗಿರಲಿಲ್ಲ, ಅಧ್ಯಾಪಕರು ಕೈ ಎತ್ತಿ, "ಇದು ಮಗ್ಗದ ಶೆಡ್ಡಲ್ಲ" ಎಂದರು. ಇಡೀ ತರಗತಿ ನಕ್ಕಿತು. ಉಜ್ವಲಾ ಕೂತಳು. ಆ ವರ್ಷವೆಲ್ಲ ಅವಳು ಇಂಗ್ಲಿಷಿನಲ್ಲಿ ಒಂದು ಮಾತೂ ಆಡಲಿಲ್ಲ.

ಅವಳ ಬಾಯಿ ಬಿಡಿಸಿದವಳು ಹಾಸ್ಟೆಲಿನ ಗೆಳತಿ ಸೋನಲ. ಸಂಜೆ ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಇಬ್ಬರೂ ಇಂಗ್ಲಿಷಿನಲ್ಲೇ ಮಾತಾಡಬೇಕೆಂದು ಅವಳು ನೇಮ ಮಾಡಿದಳು. ಉಜ್ವಲಾ ತಡವರಿಸಿದಾಗಲೆಲ್ಲ, "ಚುಕ್ಲಂ ತರ್ ಚುಕ್ಲಂ, ಬೋಲ್" ಎನ್ನುವಳು. ತಪ್ಪಾದರೆ ತಪ್ಪಾಯಿತು, ಮಾತಾಡು. ಸೋನಲಳ ಇಂಗ್ಲಿಷೇನೂ ಉಜ್ವಲಾಳದ್ದಕ್ಕಿಂತ ಚೆನ್ನಾಗಿರಲಿಲ್ಲ. ಸಾಬೂನಿನ ನೊರೆಯ ನಡುವೆ ಇಬ್ಬರೂ ಬೇಕಾದಷ್ಟು ತಪ್ಪು ಮಾಡಿದರು. ಎಂ.ಎ. ಮುಗಿಯುವ ಹೊತ್ತಿಗೆ ಉಜ್ವಲಾ ಅದೇ ಅಧ್ಯಾಪಕರ ಎದುರು ಅರ್ಧ ತಾಸು ನಿಂತು ಮಾತಾಡಿದಳು, ದನಿಯನ್ನೇನೂ ತಗ್ಗಿಸದೆ.

ಈಗ ಅವಳು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದ ಅಧ್ಯಾಪಕಿ. ಪ್ರಥಮ ವರ್ಷದವರಿಗೆ ಇಂಗ್ಲಿಷ್ ಮಾತು, ಬರಹ ಕಲಿಸುವ ಕೆಲಸ ಅವಳದು. ಹಳಬರು ಯಾರೂ ಅದನ್ನು ಒಲ್ಲರು. ನೇಸರಿ, ಮಹಾಗಾಂವದಿಂದ ಎಸ್.ಟಿ. ಬಸ್ಸಿನಲ್ಲಿ ಬರುವ ಮಕ್ಕಳು, ಹನ್ನೆರಡು ವರ್ಷ ಇಂಗ್ಲಿಷ್ ಓದಿಯೂ ಹೆಸರು ಕೇಳಿದರೆ ನೆಲ ನೋಡುವವರು. ಮಾತಾಡಿದರೂ ಪಿಸುದನಿ, ತಪ್ಪಾದರೆ ಯಾರಿಗೂ ಕೇಳಿಸಬಾರದೆಂಬ ಎಚ್ಚರ. ಉಜ್ವಲಾಗೆ ಅದು ಬೇಗ ತಿಳಿಯಿತು. ಒಂದು ದಿನ ಅವಳು ಎಲ್ಲರನ್ನೂ ಮೈದಾನಕ್ಕೆ ಕರೆದೊಯ್ದು, ಅರ್ಧ ಜನರನ್ನು ಈ ತುದಿಯಲ್ಲಿ, ಅರ್ಧ ಜನರನ್ನು ಆ ತುದಿಯಲ್ಲಿ ನಿಲ್ಲಿಸಿದಳು. ಈ ಕಡೆಯವರು ಕೇಳಬೇಕು, ಆ ಕಡೆಯವರು ಹೇಳಬೇಕು, ಎಲ್ಲ ಇಂಗ್ಲಿಷಿನಲ್ಲಿ. ಅಷ್ಟು ದೂರದಿಂದ ಪಿಸುಗುಟ್ಟಿದರೆ ನಡೆಯುವುದಿಲ್ಲ. ಕೂಗುತ್ತ ಕೂಗುತ್ತ ಮಕ್ಕಳ ನಾಚಿಕೆ ಅರ್ಧ ಹೋಯಿತು. ಕೂಗಿದ್ದನ್ನೇ ತರಗತಿಗೆ ಬಂದು ಬರೆಯಬೇಕು. ಗದ್ದಲವಾಗುತ್ತದೆಂದು ದೂರು ಹೋಯಿತು. ಪ್ರಿನ್ಸಿಪಾಲರು ಕರೆಸಿದರು. "ಅವರು ಮಾತಾಡುತ್ತಿದ್ದಾರೆ ಸರ್, ಗದ್ದಲವಲ್ಲ" ಎಂದಳು. ಅವರು ಕಿಟಕಿಯಿಂದ ಮೈದಾನದ ಕಡೆ ಒಂದಿಷ್ಟು ಹೊತ್ತು ನೋಡಿ, ಅವಳನ್ನು ತರಗತಿಗೆ ಮರಳಿ ಕಳಿಸಿದರು.

ಆ ಮೈದಾನದಲ್ಲೇ ಕಾಡಸಿದ್ದನ ಪ್ರಸಂಗ ನಡೆದದ್ದು. ಗಡಿಯ ಹಳ್ಳಿಯೊಂದರ ಕುರಿಗಾರರ ಮಗ, ಎತ್ತರದ ಹುಡುಗ, ಯಾವಾಗಲೂ ಹಿಂದಿನ ಸಾಲಿನವನು. ನಿನ್ನ ತಂದೆ ಏನು ಮಾಡುತ್ತಾರೆ ಎಂದು ಆ ತುದಿಯಿಂದ ಕೇಳಿದರು. ಅವನು ಎದೆ ತುಂಬ ಉಸಿರೆಳೆದು, "ಮೈ ಫಾದರ್ ಈಸ್ ಶೀಪ್" ಎಂದು ಕೂಗಿದ. ಅಪ್ಪ ಕುರಿ ಕಾಯುತ್ತಾನೆ ಎನ್ನಬೇಕಿತ್ತು, ಅಪ್ಪನೇ ಕುರಿ ಎಂದುಬಿಟ್ಟಿದ್ದ. ಮೈದಾನಕ್ಕೆ ಮೈದಾನವೇ ನಕ್ಕಿತು. ಉಜ್ವಲಾ ಸುಮ್ಮನಿರಿಸುವಷ್ಟರಲ್ಲಿ ಅವನು ಗೇಟು ದಾಟಿದ್ದ. ಮುಂದಿನ ವಾರವೂ ಬರಲಿಲ್ಲ.

ಆ ನಗೆಯ ಮರುದಿನ ಉಜ್ವಲಾ ತರಗತಿಯನ್ನು ಬೈಯಲಿಲ್ಲ. ಕೊಲ್ಹಾಪುರದಲ್ಲಿ ತನಗೆ ಆದದ್ದನ್ನು ಹೇಳಿದಳು, ಅಷ್ಟೇ. ಯಾರೂ ತಲೆ ಎತ್ತಲಿಲ್ಲ.

ಕಾಡಸಿದ್ದ ಬಾರದ ಆ ವಾರ ಮುಗಿದ ರವಿವಾರ ಅವಳು ಬಸ್ಸು ಹಿಡಿದು ಹೋದಳು. ಮಹಾಗಾಂವದ ಆಚೆ, ಕಬ್ಬು ಕಡಿದ ಹೊಲದಲ್ಲಿ ಅವನ ಮನೆಯವರ ಕುರಿಗಳ ಬೀಡಿತ್ತು. ಕಾಡಸಿದ್ದ ಅವಳನ್ನು ಕಂಡು ಎದ್ದು ನಿಂತ.

"ಕಾಲೇಜಿಗ್ಯಾಕ ಬರವಲ್ಲಿ?" ಎಂದಳು ಉಜ್ವಲಾ.

ಕಾಲೇಜಿನಲ್ಲಿ ಅವಳ ಬಾಯಲ್ಲಿ ಮರಾಠಿ, ಇಂಗ್ಲಿಷ್ ಮಾತ್ರ ಕೇಳಿದ್ದ ಅವನು ಬೆರಗಾಗಿ ನೋಡಿದ. "ಮ್ಯಾಡಮ್ರ, ನಿಮಗ ಕನ್ನಡ ಬರ್ತೈತೇನ್ರಿ?"

"ಮನ್ಯಾಗ ಅದನ್ನ ಮಾತಾಡ್ತೇವಪಾ. ನಮ್ಮಪ್ಪ ರಾಯಬಾಗದಾಂವ."

ಅವನ ತಂದೆ ಹಣಮಂತ ಕಂಬಳಿ ಹಾಸಿ ಕೂಡಿಸಿದ. "ಎಲ್ಲಾರೂ ನಕ್ರಂತ್ರಿ, ಒಲ್ಲೆ ಅಂತ ಕುಂತಾನ. ಕುರಿ ನಗೂದಿಲ್ಲಂತ ಕುರಿ ಹಿಂದ ಎಷ್ಟ ದಿನಾ ತಿರಗ್ತೀಲೇ ಅಂತ ಕೇಳೇನಿ ನಾನೂ."

"ನನ್ನ ನೋಡೀನೂ ನಕ್ಕಾರಪಾ," ಎಂದಳು ಉಜ್ವಲಾ ಹುಡುಗನಿಗೆ. "ಒಂದ ವರ್ಷ ಬಾಯಿ ತಗೀಲಿಲ್ಲ."

"ಆಮ್ಯಾಲ ಏನ್ ಮಾಡಿದ್ರಿ?"

"ದಿನಾ ತಪ್ಪ ಮಾತಾಡಿದೆ. ಮಾತಾಡ್ತಾ ಮಾತಾಡ್ತಾ ಕಡಿಮಿ ಆದ್ವು."

ಹೊತ್ತು ಇಳಿಯುತ್ತಿತ್ತು, ಮೇಯಲು ಹೋದ ಕುರಿಗಳು ತಿರುಗಿ ಬಂದವು, ಬಲೆಯ ಬೇಲಿಯೊಳಗಿದ್ದ ಮರಿಗಳು ಒಮ್ಮೆಲೇ ಕೂಗಿಕೊಂಡವು. ಇಷ್ಟರೊಳಗೆ ತಾಯಿಗೆ ತನ್ನ ಮರಿ ಹೇಗೆ ತಿಳಿಯುತ್ತದೆ ಎಂದು ಉಜ್ವಲಾ ಕೇಳಿದಳು. ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕಾಡಸಿದ್ದ ಹೇಳತೊಡಗಿದ, ಮೊದಲು ದನಿ, ಹತ್ತಿರ ಬಂದ ಮೇಲೆ ವಾಸನೆ. ಬೇರೆ ಮರಿ ಬಾಯಿ ಹಾಕಿದರೆ ತಾಯಿ ಒದೆಯುತ್ತದೆ. ಹೇಳುವಾಗ ಅವನ ಕೈಯೂ ಮಾತಾಡುತ್ತಿತ್ತು.

"ಇದನ್ನ ಕ್ಲಾಸಿನ್ಯಾಗ ಹೇಳ್ತಿ?" ಎಂದು ಕೇಳಿ ಅವಳು ಬಸ್ಸಿಗೆ ಹೊರಟಳು.

ಅವನು ಬುಧವಾರ ಬಂದ. ಅವತ್ತು ತರಗತಿ ಮೈದಾನಕ್ಕೆ ಹೋಗಲಿಲ್ಲ. ಅವನು ಎಲ್ಲರ ಎದುರು ನಿಂತು ಸುರು ಮಾಡಿದ: "ಈವನಿಂಗ್, ಶೀಪ್ ಕಮ್ ಹೋಮ್. ಲ್ಯಾಂಬ್ಸ್ ಆರ್ ಕ್ರೈಯಿಂಗ್." ಅಲ್ಲಿಗೆ ತಡೆಯಿತು. ಉಜ್ವಲಾ ಮಾತು ಎತ್ತಿ ಕೊಡಲಿಲ್ಲ. ಬಾಯಿಗೆ ಬಂದಿದ್ದ ಶಬ್ದವನ್ನು ನುಂಗಿಕೊಂಡು ನಿಂತಳು. ತರಗತಿಯೂ ಕಾಯಿತು. ಅವನು ಮೊದಲಿನಿಂದ ಹೇಳಿ, ತಡೆದ ಜಾಗವನ್ನು ದಾಟಿದ. ವ್ಯಾಕರಣ ಅಲ್ಲಲ್ಲಿ ಕುಂಟುತ್ತಿತ್ತು, ಆದರೆ ದನಿ, ವಾಸನೆ, ತಾಯಿ, ಮರಿ ಎಲ್ಲ ಎಲ್ಲರಿಗೂ ತಿಳಿಯಿತು.

ಅವನು ಮುಗಿಸಿ ಹೊರಳುವಾಗ, ಈವರೆಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ ನೇಸರಿಯ ಕಾಂಚನ ತಾನಾಗಿ ಎದ್ದು ನಿಂತಳು. "ಇಫ್ ಮದರ್ ಡೈ, ಹೂ ಗಿವ್ ಮಿಲ್ಕ್?"

ಕಾಡಸಿದ್ದ ಯೋಚಿಸಿದ. "ಅನದರ್ ಮದರ್. ಬಟ್ ಶಿ ಈಸ್ ಕಿಕ್ಕಿಂಗ್. ಐ ಹೋಲ್ಡ್ ಹರ್ ಲೆಗ್."

ಎಲ್ಲರೂ ನಕ್ಕರು. ಈ ಸಲ ಅವನೂ ನಕ್ಕ.

ಉಜ್ವಲಾ ಮೇಜಿಗೆ ಆತುಕೊಂಡು ನಿಂತಿದ್ದಳು. ಈ ಕೆಲಸಕ್ಕೆ ಬಂದಾಗಿನಿಂದ ಅವಳು ಎಷ್ಟೋ ಪ್ರಶ್ನೆ ಕೇಳಿಸಿದ್ದಳು, ಉತ್ತರ ಹೇಳಿಸಿದ್ದಳು. ಆದರೆ ಒಬ್ಬರು ಇನ್ನೊಬ್ಬರನ್ನು, ತಮಗೆ ತಿಳಿಯಬೇಕೆಂಬ ಕಾರಣಕ್ಕೇ, ಇಂಗ್ಲಿಷಿನಲ್ಲಿ ಕೇಳಿದ್ದು ಇದೇ ಮೊದಲು. ಗಂಟೆ ಹೊಡೆಯಿತು. ನೇಸರಿಯ ಬಸ್ಸಿನ ಹೊತ್ತಾಗಿತ್ತು, ಆದರೂ ಇನ್ನಿಬ್ಬರು ಕೈ ಎತ್ತಿದ್ದರು. ಅವಳು ಬಾಗಿಲು ತೆರೆದು, "ದಾರಿಯಲ್ಲಿ ಕೇಳಿ, ನಾಳೆ ಬರೆದುಕೊಂಡು ಬನ್ನಿ" ಎಂದು ಕಳಿಸಿದಳು. ಅವರು ಕಾಡಸಿದ್ದನನ್ನು ಸುತ್ತಿಕೊಂಡು, ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಕೇಳುತ್ತ, ಬಸ್‌ಸ್ಟ್ಯಾಂಡಿನ ಕಡೆ ನಡೆದರು.